ಕರಗಿಸುವ ಮುನ್ನ ತಳ ತಿರುಗಿಸಿ ನೋಡಿ

ಮಾನ್ಯ ಸಂಪಾದಕರೇ,

ಬೆಳ್ಳಿಯ ದರ ಕಿಲೋಗೆ ಲಕ್ಷ ರೂಪಾಯಿ ದಾಟಿದ ಮೇಲೆ ಮೈಸೂರಿನ ಅಶೋಕ ರಸ್ತೆಯ ಅಂಗಡಿಗಳಿಗೆ ಹಳೆಯ ಬೆಳ್ಳಿ ಪಾತ್ರೆಗಳು ಚೀಲಗಟ್ಟಲೆ ಬರತೊಡಗಿವೆ. ಮೂವತ್ತು ವರ್ಷಗಳಿಂದ ಹಳೆಯ ಬೆಳ್ಳಿಯ ಅಡುಗೆಮನೆ ಸಾಮಾನುಗಳನ್ನೂ ಬಡಿಸುವ ಪಾತ್ರೆಗಳನ್ನೂ ನನ್ನ ಅಳವಿಗೆ ತಕ್ಕಷ್ಟು ಸಂಗ್ರಹಿಸುತ್ತ ಬಂದಿರುವ ನಾನು, ಇವುಗಳಲ್ಲಿ ಬಹುಪಾಲು ಯಾರೂ ಒಮ್ಮೆ ತಿರುಗಿಸಿಯೂ ನೋಡದೆ ಮೂಸೆಗೆ ಹೋಗುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಅಂಥದೊಂದು ಅಂಗಡಿಯಲ್ಲಿ ಮುರಿದ ಕಾಲ್ಗೆಜ್ಜೆ, ಸವೆದ ಕಾಲುಂಗುರಗಳ ಜೊತೆಗೆ ಒಂದು ಒಳಲೆಯೂ ತಕ್ಕಡಿಯಲ್ಲಿತ್ತು. ಎಳೆಗೂಸಿಗೆ ಹಾಲು ಕುಡಿಸುವ, ಉದ್ದ ಮೂತಿಯ ಆ ಪುಟ್ಟ ಪಾತ್ರೆಯನ್ನು ಕೇಳಿ ಕೈಗೆತ್ತಿಕೊಂಡು ನೋಡಿದರೆ, ತಳದಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ‘ಸು. ಲ.’ ಎಂಬ ಎರಡು ಕನ್ನಡ ಅಕ್ಷರಗಳೂ ಅವುಗಳ ಕೆಳಗೆ ‘ರೂ. 5½’ ಎಂಬ ಬರಹವೂ ಇದ್ದವು. ಅಂಗಡಿಯವರು ಅದನ್ನು ಬೆಲೆಯೆಂದು ತಿಳಿದು ನಕ್ಕರು. ಅದು ಬೆಲೆಯಲ್ಲ, ತೂಕ. 1835ರಿಂದ ಚಲಾವಣೆಯಲ್ಲಿದ್ದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಮನೆಯವರು ನಾಣ್ಯಗಳನ್ನೇ ಎಣಿಸಿ ಅಕ್ಕಸಾಲಿಗನ ಕೈಗೆ ಕೊಡುವುದೂ, ಆತ ಕರಗಿಸಿ ಮಾಡಿಕೊಟ್ಟ ಪಾತ್ರೆಯನ್ನು ಅಷ್ಟೇ ನಾಣ್ಯಗಳಿಗೆ ಎದುರಾಗಿ ತೂಗಿ ನೋಡುವುದೂ ಆಗ ವಾಡಿಕೆಯಾಗಿತ್ತು. ಐದೂವರೆ ರೂಪಾಯಿ ತೂಕವೆಂದರೆ 64 ಗ್ರಾಂ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ 63 ತೋರಿಸಿತು. ಕಳೆದುಹೋದ ಆ ಒಂದು ಗ್ರಾಂ ಎಷ್ಟು ಬಾಣಂತಿತನಗಳ ತಿಕ್ಕುವಿಕೆಯಲ್ಲಿ ಸವೆಯಿತೋ!

1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು, 1947ರಲ್ಲಿ ಅದು ನಿಕ್ಕಲ್ ನಾಣ್ಯವೇ ಆಯಿತು. ಆದ್ದರಿಂದ ರೂಪಾಯಿ ತೂಕ ಬರೆದ ಪಾತ್ರೆ ಕಂಡರೆ ಅದರ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ದಂಡು ಪ್ರದೇಶದ ಬಂಗಲೆಗಳಿಂದ ಬಂದ ಚಹಾ ಕೆಟಲು, ಸಕ್ಕರೆ ಬಟ್ಟಲು, ಚಮಚಗಳ ಓದು ಬೇರೆ. ನಡೆಯುವ ಸಿಂಹದ ಮುದ್ರೆಯಿದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಅಂದರೆ 1000 ಭಾಗದಲ್ಲಿ 925 ಭಾಗ ಬೆಳ್ಳಿ. ಅದರ ಪಕ್ಕದಲ್ಲಿ ಲಂಗರು ಇದ್ದರೆ ಪರೀಕ್ಷೆಯಾದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಚಿರತೆಯ ತಲೆ ಇದ್ದರೆ ಲಂಡನ್ನಿನಲ್ಲಿ. ಮದರಾಸಿನ ಪಿ. ಓರ್ ಅಂಡ್ ಸನ್ಸ್ (P. Orr & Sons) ಕಂಪನಿ ತನ್ನ ಹೆಸರನ್ನೇ ಒತ್ತುತ್ತಿತ್ತು; ಮೈತುಂಬ ದೇವರ ಉಬ್ಬುಚಿತ್ರಗಳಿದ್ದ ಅದರ ‘ಸ್ವಾಮಿ’ ಶೈಲಿಯ ಚಹಾ ಪಾತ್ರೆಗಳಿಗೆ ಇಂದು ತೂಕದ ಲೆಕ್ಕವೇ ಅನ್ವಯಿಸುವುದಿಲ್ಲ. ಇ.ಪಿ.ಎನ್.ಎಸ್. ಎಂಬ ನಾಲ್ಕು ಅಕ್ಷರ ಕಂಡರೆ ಮಾತ್ರ ಅದು ಬರೀ ಬೆಳ್ಳಿಯ ಲೇಪವೆಂದು ತಿಳಿಯಬೇಕು. ಜರ್ಮನ್ ಸಿಲ್ವರ್‌ನಲ್ಲಿ ಹೆಸರಿನ ಹೊರತು ಬೆಳ್ಳಿಯೇ ಇಲ್ಲ. ಇರುವುದು ತಾಮ್ರ, ಸತು, ನಿಕ್ಕಲ್.

ನನಗೆ ಇವೆಲ್ಲಕ್ಕಿಂತ ಹೆಚ್ಚು ಪ್ರಿಯವಾದವು ನಮ್ಮ ಪಂಕ್ತಿಯ ಪಾತ್ರೆಗಳು: ತುಪ್ಪದ ಮಿಳ್ಳೆ, ಪಾಯಸದ ಸೌಟು, ಪನ್ನೀರುದಾನಿ, ಸುಣ್ಣದ ಡಬ್ಬಿ. ಇವುಗಳಲ್ಲಿ ಉಪ್ಪಿನಕಾಯಿಯ ಬಟ್ಟಲು ಒಂದೂ ಇಲ್ಲವೆಂಬುದನ್ನು ಗಮನಿಸಬೇಕು. ಉಪ್ಪು ಬೆಳ್ಳಿಯನ್ನು ತಿನ್ನುತ್ತದೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ಅದಕ್ಕೆ ಅವರು ಭರಣಿಯನ್ನು ಇಟ್ಟಿದ್ದರು. ಅದೇ ಕಾರಣಕ್ಕೆ ಇಂಗ್ಲಿಷರು ಬೆಳ್ಳಿಯ ಉಪ್ಪಿನ ಬಟ್ಟಲಿನೊಳಗೆ ನೀಲಿ ಗಾಜಿನ ಬಟ್ಟಲು ಕೂರಿಸುತ್ತಿದ್ದರು. ಬೆಳ್ಳಿ ಲೋಟದಲ್ಲಿ ಬಿಸಿ ಕಾಫಿ ಹಿಡಿದು ಬೆರಳು ಸುಟ್ಟುಕೊಂಡವರಿಗೆ, ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಹರಿಸುವುದು ಬೆಳ್ಳಿಯೇ ಎಂದು ಬೇರೆ ಹೇಳಬೇಕಾಗಿಲ್ಲ.

ಮಾರದೆ ಇಟ್ಟುಕೊಂಡವರೂ ಕೆಲವೊಮ್ಮೆ ಕರಗಿಸಿದಷ್ಟೇ ಹಾನಿ ಮಾಡುತ್ತಾರೆ. ಕಪ್ಪಾಯಿತೆಂದು ಅಂಗಡಿಗೆ ಕೊಟ್ಟು ಯಂತ್ರದಲ್ಲಿ ಪಾಲಿಶ್ ಹಾಕಿಸಿದರೆ ಮುದ್ರೆ, ಅಕ್ಷರ, ಚಿತ್ತಾರದ ಅಂಚು ಎಲ್ಲವೂ ಮಸುಕಾಗುತ್ತವೆ. ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ಅಲ್ಯುಮಿನಿಯಂ ಹಾಳೆಯ ಮೇಲೆ ಪಾತ್ರೆ ಇಡುವ ಉಪಾಯದಿಂದ ಕಪ್ಪು ಬಿಡುತ್ತದೆ ನಿಜ, ಆದರೆ ಕೆತ್ತನೆಯ ಗೆರೆಗಳಲ್ಲಿ ನಿಂತು ಚಿತ್ತಾರವನ್ನು ಎತ್ತಿ ತೋರಿಸುವ ಕಪ್ಪೂ ಹೊರಟುಹೋಗಿ ಪಾತ್ರೆ ಬೋಳುಬೋಳಾಗಿ ಕಾಣುತ್ತದೆ. ಹಬ್ಬಕ್ಕೊಮ್ಮೆ ಮೆತ್ತನೆಯ ಬಟ್ಟೆಯಿಂದ ಒರೆಸಿ, ರಬ್ಬರ್ ಬ್ಯಾಂಡ್ ಸೋಕದಂತೆ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ವಿದೇಶದಲ್ಲಿ ನೆಲೆಸಿರುವ ಮಕ್ಕಳಿಗೆ ಅಜ್ಜಿಯ ಬೆಳ್ಳಿ ಕಳಿಸುವವರೂ ಒಂದು ವಿಷಯ ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೂ ಹಳೆಯದಾದ ಕರಕುಶಲ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅನುಮಾನವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ವಸ್ತು ಪುರಾತನವಲ್ಲವೆಂಬ ಪ್ರಮಾಣಪತ್ರ ಪಡೆಯಬೇಕು.

ಕಷ್ಟಕ್ಕೆ ಮಾರುವವರನ್ನು ನಾನು ದೂರುವುದಿಲ್ಲ. ಬೆಳ್ಳಿಯನ್ನು ಜನ ಕೂಡಿಟ್ಟದ್ದೇ ಕಷ್ಟಕಾಲಕ್ಕೆಂದು. ನನ್ನ ಕೋರಿಕೆ ವರ್ತಕರಲ್ಲಿ: ಅಕ್ಷರವೋ ಮುದ್ರೆಯೋ ಇರುವ ಪಾತ್ರೆ ಬಂದಾಗ ಅದರ ತಳದ ಫೋಟೊ ಒಂದನ್ನು ತೆಗೆದು, ಒಂದು ವಾರವಾದರೂ ಬೇರೆಯಾಗಿ ಇಡಿ, ತೂಕಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವವರು ಖಂಡಿತ ಇದ್ದಾರೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯು ವರ್ಷಕ್ಕೊಂದು ದಿನ ಜನರು ತಂದ ಪಾತ್ರೆಗಳನ್ನು ನೋಡಿ ಗುರುತಿಸಿಕೊಡುವ ಏರ್ಪಾಡು ಮಾಡಿದರೆ, ಮಾರುವವರಿಗೂ ತಮ್ಮ ಕೈಯಲ್ಲಿರುವುದು ಏನೆಂದು ತಿಳಿಯುತ್ತದೆ.

ಅಂದಿನ ದರಕ್ಕೆ ಕೊಂಡ ಆ ಒಳಲೆ ಈಗ ನನ್ನಲ್ಲಿದೆ. ‘ಸು. ಲ.’ ಅಕ್ಷರಗಳನ್ನು ತಮ್ಮ ಮನೆಯ ಬೇರೆ ಪಾತ್ರೆಗಳ ಮೇಲೂ ಕಂಡವರು ಪತ್ರಿಕೆಯ ಮೂಲಕ ತಿಳಿಸಿದರೆ, ಕೊಟ್ಟ ಬೆಲೆಗೇ ಹಿಂದಿರುಗಿಸಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಮೈಸೂರು