ಹಿಮಾಚಲದ ಕುಲ್ಲು ಕಡೆಯ ತೀರ್ಥನ್ ಹೊಳೆಯ ಬಳಿ ಇರುವ ಸುಹಾಸನಿಗೆ

ಪ್ರೀತಿಯ ಸುಹಾಸ,
ಮಾವನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಮೂರು ದಿನ ಗಾಳ ಹಾಕಿದರೂ ಒಂದು ಟ್ರೌಟ್ ಸಹ ಕಚ್ಚಲಿಲ್ಲ, ದಿನಕ್ಕೊಂದು ಗಾಳ ಬದಲಾಯಿಸಿದೆ ಅಂತ ಬರೆದಿದ್ದೀಯ. ಗಾಳದ ತಪ್ಪಲ್ಲ ಕಣೋ. ನೀನು ನಿಂತ ಜಾಗ ತಪ್ಪು.

ಕುಲ್ಲು ಕಡೆ ಕೆಲಸದಲ್ಲಿದ್ದಾಗ ಮೊದಲ ವರ್ಷ ಪೂರ್ತಿ ನಾನೂ ಹೀಗೇ ಮಾಡಿದ್ದೆ. ತುಂಗೆಯ ದಡದಲ್ಲಿ ಬೆಳೆದ ನಮಗೆ ಗೊತ್ತಿರುವುದು ಒಂದೇ. ಎರೆಹುಳು ಸಿಕ್ಕಿಸು, ಮಡುವಿಗೆ ಎಸೆ, ಬಂಡೆ ಮೇಲೆ ಕೂತು ಕಾಯಿ. ಅಲ್ಲಿನ ಕೆಸರು ನೀರಿನ ಮೀನು ವಾಸನೆ ಹಿಡಿದು ಬರುತ್ತದೆ. ಟ್ರೌಟ್ ಹಾಗಲ್ಲ. ಅದು ತಿಳಿನೀರಿನಲ್ಲಿ ಕಣ್ಣಿಂದ ಬೇಟೆಯಾಡುವ ಮೀನು. ನೀನು ಅದನ್ನು ಕಾಣುವ ಮೊದಲೇ ಅದು ನಿನ್ನನ್ನು ಕಂಡಿರುತ್ತದೆ.

ಹೊಳೆಯಲ್ಲಿ ಅದು ನೀರು ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತದೆ. ಹಾಗಾಗಿ ನೀನು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ಬಗ್ಗಿ ನಡೆ. ನೆರಳು ನೀರಿನ ಮೇಲೆ ಬೀಳಬಾರದು. ಕಲ್ಲಿನ ಮೇಲೆ ಧಡಧಡ ಹೆಜ್ಜೆ ಹಾಕಿದರೆ ಆ ಕಂಪನ ಅದಕ್ಕೆ ಮೈಯಿಂದಲೇ ಗೊತ್ತಾಗುತ್ತದೆ.

ಇನ್ನು, ಅದು ಎಲ್ಲಿ ಇರುತ್ತದೆ? ಇದನ್ನು ಮಾತ್ರ ಚೆನ್ನಾಗಿ ತಲೆಯಲ್ಲಿ ಇಟ್ಟುಕೋ. ಊಟ ರಭಸದ ಸೆಳವಿನಲ್ಲಿ ಹರಿದು ಬರುತ್ತದೆ. ಆ ಸೆಳವಿಗೆ ಎದುರಾಗಿ ದಿನವಿಡೀ ಈಜಿದರೆ ತಿಂದದ್ದೆಲ್ಲ ಈಜಿಗೇ ಖರ್ಚು. ಅದಕ್ಕೇ ಅದು ನಿಧಾನ ನೀರಿನಲ್ಲಿ ನಿಂತು, ಪಕ್ಕದ ಸೆಳವಿಗೆ ಬಾಯಿ ಹಾಕುತ್ತದೆ. ಬಂಡೆಯ ಮುಂದೆ, ಬಂಡೆಯ ಹಿಂದೆ, ದಡ ಕೊರೆದ ಕಡೆ. ನೊರೆ ಗೆರೆಯಾಗಿ ಹರಿಯುತ್ತದಲ್ಲ, ಆ ಗೆರೆಯೇ ಊಟದ ದಾರಿ. ಅದೇ ಹೊಳೆಯ ದಡದ ಗುಶೈನಿ ಹಳ್ಳಿಯ ಹತ್ತಿರ ಒಂದು ಸಲ ಅರ್ಧ ಗಂಟೆ ಸುಮ್ನೆ ಕೂತು ಒಂದೇ ಮೀನನ್ನು ನೋಡಿದ್ದೆ. ಬಂಡೆಯ ಹಿಂದೆ ಬಾಲ ಮಾತ್ರ ಮೆಲ್ಲಗೆ ಆಡುತ್ತಿತ್ತು. ಆಗಾಗ ಒಂದು ಗೇಣು ಪಕ್ಕಕ್ಕೆ ಸರಿಯುತ್ತಿತ್ತು. ಬಾಯೊಳಗಿನ ಬಿಳಿ ಒಮ್ಮೆ ಮಿಂಚಿ, ಮತ್ತೆ ತನ್ನ ಜಾಗಕ್ಕೆ. ಆ ದಿನ ನಾನು ಗಾಳ ಬಿಚ್ಚಲೇ ಇಲ್ಲ. ಅಷ್ಟು ವರ್ಷಗಳಲ್ಲಿ ನಾನು ಜಾಸ್ತಿ ಕಲಿತದ್ದು ಅವತ್ತೇ.

ಹೊಳೆಯ ಒಂದು ಕಲ್ಲು ಎತ್ತಿ ಅಡಿಭಾಗ ನೋಡು. ಚಪ್ಪಟೆ ಮರಿಹುಳುಗಳು, ಮರಳಿನ ಗೂಡು ಕಟ್ಟಿಕೊಂಡ ಹುಳುಗಳು ಅಂಟಿಕೊಂಡಿರುತ್ತವೆ. ಟ್ರೌಟ್‌ನ ಹೊಟ್ಟೆ ಹೆಚ್ಚಾಗಿ ತುಂಬುವುದು ನೀರೊಳಗಿನ ಇವುಗಳಿಂದಲೇ. ನಿನ್ನ ಡಬ್ಬಿಯ ಫ್ಲೈಗಳಲ್ಲಿ, ಅಂದರೆ ಹುಳುವಿನ ಹಾಗೆ ಕಾಣುವ ನಕಲಿ ಗಾಳಗಳಲ್ಲಿ, ಬಣ್ಣ, ಗಾತ್ರ ಇವುಗಳಿಗೆ ಹೋಲುವುದನ್ನು ಕಟ್ಟು. ಅದು ನೀರು ಹರಿದಷ್ಟೇ ವೇಗದಲ್ಲಿ ಹರಿಯಬೇಕು. ದಾರ ಎಳೆದು ಫ್ಲೈ ಅಡ್ಡ ಜಾರಿತೋ, ಮೀನು ಮುಟ್ಟುವುದಿಲ್ಲ.

ಇದರ ಜೊತೆ ಒಂದು ಚಿಕ್ಕ ಥರ್ಮಾಮೀಟರ್ ಕಳಿಸಿದ್ದೇನೆ. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಟ್ರೌಟ್ ಚೆನ್ನಾಗಿ ತಿನ್ನುತ್ತದೆ. 20 ದಾಟಿದರೆ ಗಾಳ ಮಡಚಿಡು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟರೂ ಅದು ಉಳಿಯುವುದು ಕಷ್ಟ.

ಲೈಸೆನ್ಸ್ ಇಲ್ಲದೆ ಹೊಳೆಗೆ ಇಳಿಯಬೇಡ. ಬಿಡುವ ಮೀನನ್ನು ಒಣಗೈಯಲ್ಲಿ ಮುಟ್ಟಬೇಡ, ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕೈ ಒದ್ದೆ ಮಾಡಿಕೋ, ನೀರಲ್ಲೇ ಗಾಳ ಬಿಡಿಸು. ಚಳಿಗಾಲದಲ್ಲಿ ಅವು ಜಲ್ಲಿಯಲ್ಲಿ ಮೊಟ್ಟೆ ಇಡುತ್ತವೆ, ಆಗ ಅಲ್ಲಿ ಕಾಲೂ ಇಡಬೇಡ. ಕಂದು ಟ್ರೌಟ್ ಆ ಕಣಿವೆಯ ಮೂಲದ್ದಲ್ಲ, ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟದ್ದು. ಆದರೂ ಈಗ ಅದರ ಮನೆ ಅದೇ ಅಲ್ವಾ?

ನಾಳೆ ಬೆಳಿಗ್ಗೆ ಗಾಳ ರೂಮಲ್ಲೇ ಬಿಟ್ಟು ಹೋಗು. ಒಂದು ಮೀನು ಕಂಡ ಮೇಲೆ ನನಗೆ ಬರೆ.

ಇಂತಿ,
ನಿನ್ನ ಮಾವ