ಮನೆಯ ಖಿನ್ನತೆಯ ಚರಿತ್ರೆ ಮುಚ್ಚಿಡಬೇಡಿ

ಮಾನ್ಯರೇ,

ನನ್ನ ತಂಗಿ ಖಿನ್ನತೆಯಿಂದ ಜೀವ ಕಳೆದುಕೊಂಡಳು. ಈಗ ನನ್ನ ಮಗಳಿಗೆ 15. ಎರಡು ತಿಂಗಳಿಂದ ಅವಳ ಚಿತ್ರದ ಪುಸ್ತಕ ಅದೇ ಪುಟಕ್ಕೆ ತೆರೆದು ಬಿದ್ದಿತ್ತು, ಮೇಲೆ ಪೆನ್ಸಿಲ್. ವಯಸ್ಸಿನ ಆಟ ಅಂತ ಸುಮ್ನೆ ಇರಲು ನನ್ನಿಂದ ಆಗಲಿಲ್ಲ.

ವೈದ್ಯರಿಗೆ ತಂಗಿಯ ವಿಷಯವನ್ನೂ ಹೇಳಿದೆ. ಸಕ್ಕರೆ ಕಾಯಿಲೆ ಆದರೆ ಹೇಳುತ್ತೇವೆ, ಅಲ್ವಾ? ಅವಳಿಗಳ ಅಧ್ಯಯನಗಳ ಪ್ರಕಾರ ಖಿನ್ನತೆಯಲ್ಲಿ ವಂಶವಾಹಿಗಳ ಪಾಲು ಸುಮಾರು ಶೇ 37. ಅದೂ ಒಂದೇ ಜೀನ್ ಅಲ್ಲ, ಹಲವು ಜೀನ್‌ಗಳ ಚೂರುಪಾರು ಪ್ರಭಾವ. ಹಣೆಬರಹವಂತೂ ಅಲ್ಲ.

‘ಸಾಯಬೇಕು ಅನ್ನಿಸುತ್ತಾ?’ ಎಂದು ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ನಾನು ಕೇಳಿದೆ. ಮಗಳು ತುಂಬಾ ಹೊತ್ತು ಅತ್ತಳು. ಆಮೇಲೆ ಮಾತಾಡಿದಳು. ಚಿಕಿತ್ಸೆ ನಡೆಯುತ್ತಿದೆ.

– ಒಬ್ಬ ತಾಯಿ