ಮಗಳ ಜೊತೆ ನಿಂತ ನಿಮಗೆಲ್ಲ

ಮಗಳ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಪಾಸಾಗಿದ್ದಾಳೆ. ಫೋನ್ ಮಾಡಿದವರಿಗೂ ಮನೆಗೇ ಬಂದು ಖುಷಿಪಟ್ಟವರಿಗೂ ಧನ್ಯವಾದ. ಮಾರ್ಕ್ಸಿಗಿಂತ ಜಾಸ್ತಿ ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ. ಈಗ ಅವಳು ರಾತ್ರಿ ನಿದ್ದೆ ಮಾಡುತ್ತಾಳೆ. ಬಡಿಸಿದ್ದನ್ನು ಉಣ್ಣುತ್ತಾಳೆ. ತಂಗಿಯ ಜೊತೆ ಜಗಳವನ್ನೂ ಆಡುತ್ತಾಳೆ. ಕಳೆದ ಮಳೆಗಾಲದಲ್ಲಿ ಇದ್ಯಾವುದೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಕೈ ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗಳು ಓದಿ ಒಪ್ಪಿದ್ದಾಳೆ.

ಎಲ್ಲ ಶುರುವಾಗಿದ್ದು ಹೊಟ್ಟೆನೋವಿನಿಂದ. ಶಿರಸಿ ಬಸ್ಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಭಾನುವಾರ ನೋವು ಇರುತ್ತಿರಲಿಲ್ಲ. ಆಮೇಲೆ ತಲೆನೋವು ಬಂತು, ಸಣ್ಣ ಮಾತಿಗೂ ಸಿಟ್ಟು ಬಂತು, ಗೆಳತಿಯರ ಫೋನ್ ಎತ್ತುವುದು ನಿಂತಿತು. ಕೇಳಿದರೆ "ಎಂತೂ ಆಯ್ದಿಲ್ಲೆ ಆಯಿ" ಅಷ್ಟೇ. ಕಷಾಯ ಆಯಿತು, ಸ್ಕ್ಯಾನಿಂಗ್ ಆಯಿತು, ಎಲ್ಲ ನಾರ್ಮಲ್. "ಕಾಲೇಜು ತಪ್ಪಿಸಲು ನೆಪ" ಎಂದವರೂ ಇದ್ದರು.

ನಮ್ಮ ಡಾಕ್ಟರು ಹಾಗೆನ್ನಲಿಲ್ಲ. ಅವರಿಗೆ ಮೊದಲ ನಮಸ್ಕಾರ. ನೋವು ನಿಜವಾದದ್ದೇ ಎಂದು ಅವಳ ಎದುರೇ ಹೇಳಿದರು. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ಎದೆ ಬಡಿದುಕೊಳ್ಳುತ್ತದೆ, ಜೀರ್ಣ ಏರುಪೇರಾಗುತ್ತದೆ. ದಿನಾ ಹೀಗೇ ಆದರೆ ಹೊಟ್ಟೆ ನೋಯದೆ ಇನ್ನೇನಾಗುತ್ತದೆ ಎಂದರು. ತನ್ನ ಮಾತನ್ನು ಒಬ್ಬರಾದರೂ ನಂಬಿದರಲ್ಲ ಎಂದು ಅವಳು ಅಲ್ಲೇ ಅತ್ತುಬಿಟ್ಟಳು.

ಅವರೇ ತಾಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್‌ಗೆ ಕಳಿಸಿದರು. 10ರಿಂದ 19 ವರ್ಷದ ಮಕ್ಕಳಿಗೆಂದೇ ಇರುವ ಸರ್ಕಾರಿ ಕ್ಲಿನಿಕ್ ಇದು, ದುಡ್ಡಿಲ್ಲ. ಅಲ್ಲಿನ ಆಪ್ತಸಮಾಲೋಚಕಿ ಮೇಡಂ ನನ್ನನ್ನು ಹೊರಗೆ ಕೂರಿಸಿದರು. "ಅವಳ ಮಾತು ನನ್ನ ಹತ್ತಿರವೇ ಇರುತ್ತದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಿಮಗೆ ಹೇಳುತ್ತೇನೆ" ಎಂದರು. ಮಗಳು ಬಾಯಿಬಿಟ್ಟಿದ್ದು ಆ ಭರವಸೆಯಿಂದಲೇ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ನಿಧಾನ ಬಿಡುವುದನ್ನು ಕಲಿಸಿದರು. ಈಗಲೂ ಬಸ್ಸಿನ ಕಿಟಕಿ ಪಕ್ಕ ಕೂತು ಅದನ್ನು ಮಾಡುತ್ತಾಳೆ.

ನಿದ್ದೆಯ ವಿಷಯ ಸ್ವಲ್ಪ ಜಾಸ್ತಿ ಬರೆಯಬೇಕು. ನಮ್ಮ ಕಡೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದುವ ಮಗು ಎಂದರೆ ದೊಡ್ಡ ಹೆಮ್ಮೆ, ಅಲ್ವಾ? ಮೇಡಂ ಅದನ್ನೇ ಮೊದಲು ನಿಲ್ಲಿಸಿದರು. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದಂತೆ. ಹಾಗಾಗಿ ಒಂಬತ್ತಕ್ಕೆ ಮಲಗು ಎಂದರೆ ಎಷ್ಟೋ ಮಕ್ಕಳಿಗೆ ನಿದ್ದೆ ಬರುವುದಿಲ್ಲ. ಆದರೆ 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕೇ ಬೇಕು. ತಡವಾಗಿ ಮಲಗಿ ನಾಲ್ಕಕ್ಕೆ ಎದ್ದರೆ ಸಾಕಾಗದ ನಿದ್ದೆ ಸಿಟ್ಟಾಗಿ, ಮರೆವಾಗಿ ಹೊರಬರುತ್ತದೆ. ಅಲಾರಂ ಆರಕ್ಕೆ ಹೋಯಿತು. ಮಲಗುವ ಕೋಣೆಯಿಂದ ಮೊಬೈಲ್ ಹೊರಗೆ ಬಂತು, ನಮ್ಮದೂ ಸೇರಿ. ಎಲ್ಲ ಮನೆಯವರೂ ಈ ನಾಲ್ಕು ಗಂಟೆಯ ಹಟ ಬಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಅತ್ತೆಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಕೊಯ್ಲಿನ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವಾಗ "ಬಾರೇ ತಂಗಿ" ಎಂದು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಇಬ್ಬರ ಕಣ್ಣೂ ಕತ್ತಿಯ ಮೇಲೆ. ಸಿಪ್ಪೆ ಒಂದು ಕಡೆ, ಹಸಿ ಅಡಿಕೆ ಬುಟ್ಟಿಗೆ. ಮುಖ ನೋಡಿ ಕೇಳಿದಾಗ ಬಾರದ ಮಾತು ಅಲ್ಲಿ ಬಂತು. ಮಳೆಗೆ ಕೊಳೆರೋಗ ಬಂದು ತೋಟದಲ್ಲಿ ಅಡಿಕೆ ಉದುರಿದ್ದು, ನಾನೂ ಅವಳ ಅಪ್ಪಯ್ಯನೂ ಅಡುಗೆಮನೆಯಲ್ಲಿ ಕೂತು ಹಾಕಿದ ಲೆಕ್ಕ, ಅವಳ ಕೋಚಿಂಗ್ ಫೀಸು, ಎಲ್ಲವನ್ನೂ ಅವಳು ಕೇಳಿಸಿಕೊಂಡಿದ್ದಳು. "ಸೀಟು ಸಿಗದಿದ್ದರೆ ಅಪ್ಪಯ್ಯನ ದುಡ್ಡೆಲ್ಲ ಹಾಳು" ಎಂದು ಒಳಗೇ ಇಟ್ಟುಕೊಂಡಿದ್ದಳು. ಪರೀಕ್ಷೆಯ ಭಯ ಎಂದು ನಾವೆಲ್ಲ ಅಂದುಕೊಂಡಿದ್ದರ ತಳದಲ್ಲಿ ಇದ್ದದ್ದು ಮನೆಯ ಸಾಲ.

ಅವಳ ಅಪ್ಪಯ್ಯ ಸೊಸೈಟಿಯ ಪಾಸ್‌ಬುಕ್ ತಂದು ಅವಳ ಮುಂದೆ ಬಿಚ್ಚಿಟ್ಟರು. ಸಾಲ ಎಷ್ಟು, ಮನೆಯಲ್ಲಿರುವ ಅಡಿಕೆ ಎಷ್ಟು, ಯಾವಾಗ ತೀರುತ್ತದೆ, ಎಲ್ಲ ಹೇಳಿದರು. ಲೆಕ್ಕ ಚಿಕ್ಕದೇನಲ್ಲ. ಆದರೂ ಗೊತ್ತಿದ್ದ ಸಾಲ ಅವಳನ್ನು ಅಷ್ಟು ಹೆದರಿಸಲಿಲ್ಲ.

ಕಾಲೇಜಿನ ಕೆಮಿಸ್ಟ್ರಿ ಸರ್ ಅವಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪರೀಕ್ಷೆ 1, ಪರೀಕ್ಷೆ 2 ಎಂದು ಬರೆದು ಕೊಟ್ಟರು. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಜಾಸ್ತಿ ಬಂದ ಮಾರ್ಕ್ಸ್ ಉಳಿಯುತ್ತದೆ. ಅವಳಿಗೆ ಇದು ಗೊತ್ತಿತ್ತು. ಆದರೆ "ಮೊದಲನೆಯದು ಕೆಟ್ಟರೂ ನಾನು ಇಲ್ಲೇ ಇರ್ತೇನೆ" ಎಂದು ಮೇಷ್ಟ್ರೇ ಹೇಳಿದಾಗ ಅದರ ತೂಕ ಬೇರೆ.

ಪರೀಕ್ಷೆಗೆ ವಾರವಿರುವಾಗ ಒಂದು ರಾತ್ರಿ ಅವಳ ಕೈಕಾಲು ನಡುಗಲು ಶುರುವಾಯಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಬ್ಯಾಟರಿ ಹಿಡಿದು ಸೊಪ್ಪಿನ ಬೆಟ್ಟ ಹತ್ತಿ, ಸಿಗ್ನಲ್ ಸಿಗುವ ಜಾಗದಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆವು. ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಕಡೆಯಿದ್ದ ಅಕ್ಕ, ನೀವು ಯಾರೋ ನಮಗೆ ಗೊತ್ತಿಲ್ಲ. ಅವಳ ಉಸಿರು ಹದಕ್ಕೆ ಬರುವವರೆಗೆ ನೀವು ಫೋನ್ ಇಡಲಿಲ್ಲ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇವಳು ಫೋನ್ ಎತ್ತದಿದ್ದರೂ ಮನೆಗೇ ಬಂದು ಸುಮ್ನೆ ಪಕ್ಕದಲ್ಲಿ ಕೂತು ಓದಿದ ಗೆಳತಿಗೂ, ಮದುವೆಮನೆಯಲ್ಲಿ "ಎಷ್ಟು ಪರ್ಸೆಂಟ್ ನಿರೀಕ್ಷೆ?" ಎಂದು ಕೇಳದೆ "ಊಟ ಆಯ್ತಾ?" ಎಂದು ಕೇಳಿದ ನೆಂಟರಿಗೂ ತುಂಬ ತುಂಬ ಥ್ಯಾಂಕ್ಸ್.

ಕ್ಲಿನಿಕ್‌ಗೆ ಹೋಗುವುದನ್ನು ನಾವಿನ್ನೂ ನಿಲ್ಲಿಸಿಲ್ಲ. ನಿಮ್ಮ ಮನೆಯ ಮಗುವಿನ ನಿದ್ದೆ, ಊಟ, ಗೆಳೆತನ ಎರಡು ವಾರ ಹೀಗೇ ತಪ್ಪಿದರೆ ತಡ ಮಾಡಬೇಡಿ. ಸಾಯುವ ಮಾತು ಬಂದರೆ ಆ ಕ್ಷಣವೇ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ. ಮೊದಲ ಸಲ ಆಸ್ಪತ್ರೆಗೆ ಹೋಗಲು ಅಳುಕಾದರೆ ನನಗೆ ಹೇಳಿ. ಜೊತೆಗೆ ಬರುತ್ತೇನೆ, ಹೊರಗಿನ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂರುತ್ತೇನೆ.